ಬಾಗಿಲಿಲ್ಲದ ಗೂಡು

ಮಲಾವಿ
೯ ಜೂನ್ ೨೦೨೪

ಅಮ್ಮನಿಗೆ ಬಿಂದು ಮಾಡುವ ನಮಸ್ಕಾರ.

ಸುಖವಾಗಿ ಬಂದು ಮುಟ್ಟಿದೆವು. ಏರ್‌ಪೋರ್ಟಿನಲ್ಲಿ ನಿನ್ನ ಜೊತೆ ಫೋನಿನಲ್ಲಿ ಕಿರುಚಿ ಕಿರುಚಿ ಸುತ್ತ ಇದ್ದವರಿಗೆಲ್ಲ ನಮ್ಮ ಮನೆ ವಿಷಯ ಗೊತ್ತಾಯಿತು, ನಿನಗೆ ಮಾತ್ರ ಏನೂ ಕೇಳಿಸಲಿಲ್ಲ. ಕಿವಿಗೆ ಮಿಷನ್ ಹಾಕಿಕೊಳ್ಳುವುದಿಲ್ಲ ಅನ್ನುವ ಹಟ ನೀನು ಬಿಡುವವರೆಗೆ ನಮಗೆ ಕಾಗದವೇ ಗತಿ. ಹಾಸ್ಟೆಲಿನಲ್ಲಿದ್ದಾಗ ಬರೆಯುತ್ತಿದ್ದೆವಲ್ಲ, ಹಾಗೆಯೇ ಬರೆಯೋಣ. ಬರೆದು ಫೋಟೋ ತೆಗೆದು ವಾಟ್ಸಾಪಿಗೆ ಹಾಕುತ್ತೇನೆ. ನೆಟ್‌ವರ್ಕಿಗೆ ಪೇಟೆಗೆ ಹೋಗಬೇಕು, ತಡವಾದರೆ ಗಾಬರಿಯಾಗಬೇಡ.

ಊರು ಚಿಕ್ಕದು. ಗುಬ್ಬಿಯಲ್ಲಿ ಮಾವನ ಹೊಲದ ಹಾಗೆ ಕೆಂಪು ಮಣ್ಣು, ತೆಂಗಿನ ಮರ ಮಾತ್ರ ಇಲ್ಲ. ನಮ್ಮ ಪ್ರಾರ್ಥನಾ ಕೂಟದಿಂದ ಬಂದವರು ಪಾಸ್ಟರ್, ಕೀಬೋರ್ಡ್ ನುಡಿಸುವ ಅಂಜನ್‌ಕುಮಾರ್, ನಾನು, ಇನ್ನೊಂದಿಬ್ಬರು. ಚರ್ಚಿನ ಪಕ್ಕದಲ್ಲೇ ಒಂದು ಸಣ್ಣ ಕ್ಲಿನಿಕ್ಕು. ಗಾಯ ತೊಳೆಯುವುದು, ಮಕ್ಕಳ ತೂಕ ನೋಡುವುದು, ಮಲೇರಿಯಾ ಟೆಸ್ಟು ಮಾಡುವುದು, ಇಷ್ಟೇ ನನ್ನ ಕೆಲಸ. ತುಮಕೂರಿನ ಆಸ್ಪತ್ರೆ ಡ್ಯೂಟಿಗೆ ಹೋಲಿಸಿದರೆ ಹಗುರ. ಡಿಸೆಂಬರಿನವರೆಗೂ ಇಲ್ಲೇ.

ಊಟದ ವಿಷಯ ಕೇಳಿದರೆ ನಗುತ್ತೀಯ. ಇಲ್ಲೂ ಮುದ್ದೆಯೇ. ಮುಸುಕಿನ ಜೋಳದ ಹಿಟ್ಟಿನದು, ಬೆಳ್ಳಗಿರುತ್ತದೆ, ಜೊತೆಗೆ ಕುಂಬಳ ಸೊಪ್ಪು. ಮೊದಲ ದಿನ ನಾನು ತುತ್ತು ಮಾಡಿ ಗುಳುಕ್ಕನೆ ನುಂಗಿದ್ದು ನೋಡಿ ಅಡುಗೆಯ ಅಗ್ನೆಸ್ ಅಜ್ಜಿ ಗಂಟಲಿಗೆ ಸಿಕ್ಕಿಕೊಂಡಿತೆಂದು ಓಡಿ ಬಂದು ಬೆನ್ನಿಗೆ ಗುದ್ದಿದರು. ಇವರು ಅಗಿದು ತಿನ್ನುತ್ತಾರೆ! ಇಲ್ಲಿ ಅಮ್ಮನಿಗೆ ಅಮಾಯಿ ಅನ್ನುತ್ತಾರೆ. ನಾನೂ ಅವರನ್ನು ಅಮಾಯಿ ಎಂದೇ ಕರೆಯುತ್ತೇನೆ, ಹೊಟ್ಟೆ ಉರಿದುಕೊಳ್ಳಬೇಡ.

ಮುಂದಿನ ಭಾನುವಾರ ಇಡೀ ಸಭೆಯ ಮುಂದೆ ನಾನು ಸಾಕ್ಷಿ ಹೇಳಬೇಕಂತೆ. ಹೇಳುವುದನ್ನು ಈಗಲೇ ಬರೆದುಕೊಂಡು ಬಾಯಿಪಾಠ ಮಾಡುತ್ತಿದ್ದೇನೆ.

ನನ್ನ ಹಳೆಯ ಬೈಬಲ್ಲು, ಅದೇ ಆ ಸತ್ಯವೇದ, ಮನೆಯಲ್ಲೇ ಇದೆ, ಜೋಪಾನ.

ಇಂತಿ ನಿನ್ನ ಮಗಳು,
ಬಿಂದು


ಕುಣಿಗಲ್
೨೦ ಜೂನ್ ೨೦೨೪

ಚಿ. ಬಿಂದುಗೆ ಅಮ್ಮನ ಆಶೀರ್ವಾದ.

ನಿನ್ನ ಕಾಗದ ಕಂಡು ಹೋದ ಜೀವ ಬಂತು, ಕೊನೆಗೆ ಬರುವಷ್ಟರಲ್ಲಿ ಮತ್ತೆ ಹೋಯಿತು. ಹೋಗಿ ಇನ್ನೂ ಚಪ್ಪಲಿ ಬಿಚ್ಚಿಲ್ಲ, ಆಗಲೇ ಯಾವ ಕೇಸಿನಲ್ಲಿ ಸಾಕ್ಷಿ ಹೇಳಲು ಹೊರಟೆ? ಅದು ಪರದೇಶ ಮಗಳೆ. ಯಾರೋ ಹೊಡೆದಾಡಿಕೊಂಡರೆ ನಿನಗೇನು? ನಿಮ್ಮಪ್ಪ ಒಂದು ಬೇಲಿ ಜಗಳಕ್ಕೆ ಸಾಕ್ಷಿ ಹೇಳಿ, ಸಾಯುವ ವರ್ಷದವರೆಗೂ ಕೋರ್ಟಿಗೆ ಅಲೆದರು. ಎರಡು ಕಡೆಯವರೂ ಮಾತು ಬಿಟ್ಟರು. ಕೇಳಿದರೆ "ಕಂಡಿದ್ದ ಕಂಡಂಗೆ ಹೇಳ್ದೆ ಕಣೇ, ಇನ್ನೇನ್ ಮಾಡ್ಲಿ" ಅನ್ನುತ್ತಿದ್ದರು. ನೀನು ಹೇಳಲೇಬೇಕು ಅಂತಿದ್ದರೆ ಕಣ್ಣಾರೆ ಕಂಡದ್ದನ್ನು ಮಾತ್ರ ಹೇಳು, ಒಂದು ಮಾತು ಆ ಕಡೆ ಬೇಡ, ಈ ಕಡೆ ಬೇಡ.

ಕಾಗದದ ಫೋಟೋ ಕಳಿಸುವುದನ್ನು ಪಕ್ಕದ ಮನೆ ಇಂಪನಾ ಹೇಳಿಕೊಟ್ಟಳು. ಮೊದಲ ಸಲ ನನ್ನ ಹೆಬ್ಬೆರಳು ಮಾತ್ರ ಬಂದಿತ್ತು. ಈಗ ಕಲಿತಿದ್ದೇನೆ, ಇನ್ನು ಅವಳು ಬೇಕಾಗಿಲ್ಲ. ನಮ್ಮ ಮಾತನ್ನು ಊರವರು ಯಾಕೆ ಓದಬೇಕು?

ನಿನ್ನ ಪುಸ್ತಕಕ್ಕೆ ಏನೂ ಆಗಿಲ್ಲ, ದೇವರ ಗೂಡಿನಲ್ಲಿ ರಂಗನಾಥಸ್ವಾಮಿ ಪಕ್ಕದಲ್ಲಿ ಹಾಯಾಗಿದೆ. ನರ್ಸಿಂಗ್ ಓದುವಾಗ ನೀನು ಅದನ್ನು ತಂದು ಹೊಲಿಗೆ ಮಿಷನ್ ಕೆಳಗೆ ಚಿಂದಿ ಬಟ್ಟೆಯೊಳಗೆ ಬಚ್ಚಿಟ್ಟಿದ್ದು ನೆನಪಿದೆಯಾ? ಗುಡಿಸುವಾಗ ಕಾಲಿಗೆ ತಾಗಿತು. ಎತ್ತಿ ನೋಡಿದರೆ ಮೇಲೆ ಸತ್ಯವೇದ ಅಂತ ಬರೆದಿದೆ. ವೇದ ಅಂದ ಮೇಲೆ ಕಾಲ ಕಸದಲ್ಲಿ ಇಡಬಹುದೇ? ಯಾರದೋ ಮದುವೆ ರವಿಕೆಯಲ್ಲಿ ಉಳಿದ ಕೆಂಪು ರೇಷ್ಮೆ ತುಂಡಿತ್ತು, ಅದರಲ್ಲೇ ಚೀಲ ಹೊಲಿದು ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದೆ. ನೀನು ಬಂದಾಗಲೆಲ್ಲ ನಾನು ನೀರಿಗೆ ಹೋದಾಗ ಒದ್ದೆ ಬಟ್ಟೆಯಲ್ಲಿ ಆ ಕುಂಕುಮ ಒರೆಸುತ್ತೀಯ. ನಿಮ್ಮಲ್ಲಿ ಕುಂಕುಮ ಇಡುವುದಿಲ್ಲ ಅಂತ ನನಗೂ ಗೊತ್ತು. ನೀನು ತುಮಕೂರಿನ ಬಸ್ಸು ಹತ್ತಿದ ಮೇಲೆ ಮತ್ತೆ ಇಡುತ್ತೇನೆ. ನಿನಗೂ ನೆಮ್ಮದಿ, ನನಗೂ ನೆಮ್ಮದಿ.

ಗುಬ್ಬಿಯಿಂದ ಸುದ್ದಿಯಿಲ್ಲ. ನಿಮ್ಮಪ್ಪ ಹೋದ ಮೇಲೂ ತಪ್ಪದೆ ಬಾಗಿನ ಕೊಡುತ್ತಿದ್ದ ನಮ್ಮಣ್ಣ, ನೀನು ನೀರಿಗಿಳಿದು ದೀಕ್ಷಾಸ್ನಾನ ಮಾಡಿಸಿಕೊಂಡ ಮೇಲೆ ನಿಲ್ಲಿಸಿದವನು ನಿಲ್ಲಿಸಿದ ಹಾಗೇ ಇದ್ದಾನೆ. ಮೂರು ಗೌರಿ ಹಬ್ಬ ಕಳೆಯಿತು. ಈ ಸಲವೂ ಬರಲಿಕ್ಕಿಲ್ಲ. ನಾನು ಅದನ್ನು ಎದೆಗೆ ಹಚ್ಚಿಕೊಂಡಿಲ್ಲ, ನೀನೂ ಹಚ್ಚಿಕೊಳ್ಳಬೇಡ.

ಆ ಅಮಾಯಿಗೆ ನನ್ನ ನಮಸ್ಕಾರ ಹೇಳು. ನುಂಗುವವರ ಬೆನ್ನಿಗೆ ಗುದ್ದಬಾರದು ಅಂತಲೂ ಹೇಳು.

ನಿನ್ನ,
ಅಮ್ಮ


ಮಲಾವಿ
೧೪ ಜುಲೈ ೨೦೨೪

ಪ್ರೀತಿಯ ಅಮ್ಮನಿಗೆ,

ನಿನ್ನ ಕಾಗದದಲ್ಲಿ ಕೋರ್ಟಿನ ಮಾತನ್ನಷ್ಟೇ ಅಂಜನ್‌ಕುಮಾರನಿಗೆ ಓದಿ ಹೇಳಿದೆ, ಹೊಟ್ಟೆ ಹಿಡಿದುಕೊಂಡು ನಕ್ಕ. ಸಾಕ್ಷಿ ಅಂದರೆ ಕೋರ್ಟಿನದಲ್ಲ ಅಮ್ಮ. ಯೇಸು ನನ್ನ ಬದುಕಿನಲ್ಲಿ ಏನು ಮಾಡಿದ, ನಾನು ಮೊದಲು ಹೇಗಿದ್ದೆ, ಈಗ ಹೇಗಾದೆ ಅಂತ ಎಲ್ಲರ ಮುಂದೆ ಹೇಳುವುದಕ್ಕೆ ನಮ್ಮಲ್ಲಿ ಸಾಕ್ಷಿ ಅನ್ನುತ್ತಾರೆ.

ಮೊದಲ ಭಾನುವಾರ ಸರಿಯಾಗಿ ಬರಲಿಲ್ಲ. ಕನ್ನಡದಲ್ಲಿ ಹೇಳಿದೆ, ಪಾಸ್ಟರ್ ಇಂಗ್ಲಿಷಿಗೆ ತಂದರು, ಅಲ್ಲಿಯವರೊಬ್ಬರು ಅವರ ಭಾಷೆಗೆ ತಂದರು. ಜನ ಸುಮ್ಮನೆ ಕೂತಿದ್ದರು. ಆಮೇಲೆ ಪಾಸ್ಟರ್ ಕರೆದು, ಕತ್ತಲೆಯನ್ನು ಸರಿಯಾಗಿ ಹೇಳದಿದ್ದರೆ ಬೆಳಕು ಯಾರಿಗೆ ಕಾಣಿಸುತ್ತದಮ್ಮ ಅಂದರು. ಎರಡನೇ ಸಲ ಬೇರೆ ಹಳ್ಳಿಯಲ್ಲಿ ಹೇಳಿದೆ. ಎಷ್ಟೋ ಜನ ಅತ್ತರು. ಹೆಂಗಸರು ಬಂದು ತಬ್ಬಿಕೊಂಡರು. ಈಗ ಪ್ರತಿ ಭಾನುವಾರ ಒಂದೊಂದು ಊರಿಗೆ ಕರೆದುಕೊಂಡು ಹೋಗುತ್ತಾರೆ. ನಿನ್ನ ಹೆಸರೂ ಅದರಲ್ಲಿ ಬರುತ್ತದೆ, ಎಲ್ಲರೂ ನಿನಗೋಸ್ಕರ ಪ್ರಾರ್ಥನೆ ಮಾಡುತ್ತಾರೆ. ಅದನ್ನೆಲ್ಲ ಬಂದಾಗ ಹೇಳುತ್ತೇನೆ.

ಅಂಜನ್‌ಕುಮಾರನಿಗೆ ಮಲೇರಿಯಾ ಬಂದು ತುಂಬ ಸೊರಗಿದ್ದಾನೆ. ಅವನನ್ನು ವಾಪಸು ಕಳಿಸುತ್ತಿದ್ದಾರೆ. ಅವನ ಕೈಯಲ್ಲಿ ನಿನಗೆ ಇಲ್ಲಿಯ ಟೀ ಪುಡಿ ಕೊಟ್ಟಿದ್ದೇನೆ. ನಮ್ಮ ಮನೆ ಹುಡುಗನ ಹಾಗೆ, ಚೆನ್ನಾಗಿ ಮಾತಾಡಿಸು.

ಕೆಲಸವಿದೆ, ಇಷ್ಟಕ್ಕೇ ಮುಗಿಸುತ್ತೇನೆ.

ಬಿಂದು


ಕುಣಿಗಲ್
೮ ಆಗಸ್ಟ್ ೨೦೨೪

ಬಿಂದುಶ್ರೀಗೆ,

ನಿನ್ನ ಅಂಜನ್‌ಕುಮಾರ್ ಬಂದಿದ್ದ. ಟೀ ಪುಡಿ ಮುಟ್ಟಿತು.

ಹುಡುಗ ಒಳ್ಳೆಯವನು, ಅವನನ್ನು ನಾನು ಏನೂ ಅನ್ನುವುದಿಲ್ಲ. ಜ್ವರದಿಂದ ಎದ್ದವನು, ತುಮಕೂರಿನ ಸತ್ಯಮಂಗಲದ ನಿಮ್ಮ ಕೂಟದ ಶೆಡ್ಡಿನಿಂದ ಸೀದಾ ಬಸ್ಸು ಹತ್ತಿ ಬಂದಿದ್ದಾನೆ. ಕಾಫಿ ಕೊಟ್ಟೆ. ಲೋಟ ಕೈಯಲ್ಲಿ ಹಿಡಿದು ಕುರ್ಚಿಯ ತುದಿಯಲ್ಲಿ ಕೂತ. ನನ್ನ ಮುಖ ನೋಡುತ್ತಾನೆ, ಗೋಡೆ ನೋಡುತ್ತಾನೆ, ಮತ್ತೆ ನನ್ನ ಮುಖ ನೋಡುತ್ತಾನೆ. ಕಾಫಿಯಲ್ಲಿ ನೊಣ ಬಿದ್ದಿರಬೇಕು, ಹೇಳಲು ಸಂಕೋಚ ಅಂದುಕೊಂಡೆ. ಕೊನೆಗೆ ನನ್ನ ಕಿವಿಯ ಹತ್ತಿರ ಬಗ್ಗಿ, "ಅಮ್ಮ, ತಪ್ಪು ತಿಳ್ಕೋಬೇಡಿ. ಆ ರೂಮಲ್ಲಿ ಕೂತು ಒಂದು ಪ್ರಾರ್ಥನೆ ಮಾಡ್ಲಾ?" ಅಂದ.

"ಯಾವ ರೂಮಪ್ಪ?" ಅಂದೆ.

"ಅದೇ, ಬಿಂದುನ ಕೂಡಿ ಹಾಕಿದ್ರಲ್ಲ, ಆ ರೂಮು."

ನನಗೆ ನಗು ಬಂತು. ಹುಡುಗ ಮನೆ ತಪ್ಪಿ ಬಂದಿದ್ದಾನೆ ಅಂತಲೇ ಅಂದುಕೊಂಡೆ. ನಮ್ಮ ಮನೆಯಲ್ಲಿ ಬಾಗಿಲಿರುವುದು ಬೀದಿಗೊಂದು, ಬಚ್ಚಲಿಗೊಂದು. ಅಡುಗೆ ಒಲೆ, ಹೊಲಿಗೆ ಮಿಷನ್ನು, ಹಾಸಿಗೆ, ದೇವರು ಎಲ್ಲ ಒಂದೇ ಹಜಾರದಲ್ಲಿ. ಅದನ್ನು ಅವನಿಗೆ ತೋರಿಸಿದೆ. ಅವನ ಮುಖ ಬಿಳಿಚಿಕೊಂಡಿತು. ಏನಪ್ಪಾ ಹೇಳಿದಳು ಅವಳು ಅಂತ ಕೇಳಿದೆ. ಹೇಳಲಾರ, ಬಿಡಲಾರ. ಫೋನು ತೆಗೆದು, ನೀನು ಸಭೆಯಲ್ಲಿ ಮಾತಾಡಿದ ವಿಡಿಯೋ ಹಾಕಿ, ತುಸು ಕೇಳಿಸುವ ನನ್ನ ಬಲಗಿವಿಗೆ ಹಿಡಿದ.

ನಿನ್ನ ಗಂಟಲು ನನಗೆ ಗೊತ್ತು. ನೀನು ಕನ್ನಡದಲ್ಲೇ ಹೇಳಿದ್ದೀಯ. ಭಾಷೆ ಬದಲಾಯಿಸಿದವರು ತಪ್ಪು ಮಾಡಿದರು ಅನ್ನಲೂ ನೀನು ನನಗೆ ದಾರಿ ಬಿಟ್ಟಿಲ್ಲ. "ಅಮ್ಮ ನನ್ನ ಸತ್ಯವೇದವನ್ನು ಕಿತ್ತುಕೊಂಡು ವಿಗ್ರಹಗಳ ಜೊತೆ ಇಟ್ಟಳು. ನನ್ನ ಹೊಟ್ಟೆಗೆ ಅನ್ನ ಬೀಳಲಿಲ್ಲ. ನನ್ನನ್ನು ಒಳಗೆ ಹಾಕಿ ಹೊರಗಿನಿಂದ ಚಿಲಕ ಹಾಕಿದಳು." ಹೀಗೆ ಹೇಳಿ ನೀನು ಅತ್ತೆ. ನಿಜವಾಗಿ ಅತ್ತೆ, ನನಗೆ ಕೇಳಿಸಿತು. ಮೂರು ಮಾತಿನಲ್ಲೂ ಒಂದು ಹಿಡಿ ನಿಜ ಇದೆ. ಅದೇ ನನ್ನನ್ನು ಸುಡುವುದು. ಪೂರ್ತಿ ಸುಳ್ಳಾಗಿದ್ದರೆ ಇವಳು ನನ್ನ ಮಗಳಲ್ಲ ಅಂತ ಸುಮ್ಮನಾಗುತ್ತಿದ್ದೆ.

ಪುಸ್ತಕ ಗೂಡಿಗೆ ಯಾಕೆ ಹೋಯಿತು ಅಂತ ನಿನಗೆ ಗೊತ್ತು. ಉಪವಾಸ ಪ್ರಾರ್ಥನೆ ಅಂತ ತಟ್ಟೆ ತಳ್ಳಿದವಳು ನೀನು. ಒಂದು ತುತ್ತು ತಿನ್ನು ಅಂತ ಮುದ್ದೆ ತಣ್ಣಗಾಗುವವರೆಗೆ ಎದುರು ಕೂತವಳು ನಾನು. ಚಿಲಕ ಹಾಕಿದ್ದೂ ನಿಜ. ಗುಬ್ಬಿಯಿಂದ ಅಣ್ಣ ಬಾರುಕೋಲು ಹಿಡಿದು ಬಂದ ದಿನ ನಿನ್ನನ್ನು ಬಚ್ಚಲಿಗೆ ತಳ್ಳಿ ಚಿಲಕ ಹಾಕಿ ಬಾಗಿಲಿಗೆ ಬೆನ್ನು ಕೊಟ್ಟು ನಿಂತೆ. "ಅವ್ಳ ಮುಟ್ಟೋ ಮುಂಚೆ ನನ್ನ ಹೊಡಿಯಣ್ಣ" ಅಂದೆ. ಒಳಗಿದ್ದ ನಿನಗೆ ಅದು ಕೇಳಿಸಲಿಲ್ಲವೇ? ಆಗ ನನ್ನ ಕಿವಿ ಚೆನ್ನಾಗಿತ್ತು, ನಿನ್ನದೂ ಚೆನ್ನಾಗಿತ್ತು.

ತುಮಕೂರಿನಲ್ಲಿ ನಿನ್ನ ದೀಕ್ಷಾಸ್ನಾನಕ್ಕೆ ಒಣಗಿದ ಬಟ್ಟೆ, ಟವಲು ಹಿಡಿದು ನೀರಿನ ಪಕ್ಕದಲ್ಲಿ ನಿಂತಿದ್ದವಳು ಯಾರು? ನೆಗಡಿಯಾಗುತ್ತದೆ ಅಂತ ನಿನ್ನ ತಲೆ ಒರೆಸಿದ ಕೈ ಯಾರದು? ಅದನ್ನು ಯಾಕೆ ಹೇಳಲಿಲ್ಲ? ಅದರಿಂದ ಜನ ಅಳುವುದಿಲ್ಲ ಅಂತಲೇ?

ಉಂಡ ಮನೆಗೆ ಎರಡು ಬಗೆಯುವುದು ಅಂತ ಗಾದೆಯಲ್ಲಿ ಕೇಳಿದ್ದೆ. ಹೊಟ್ಟೆಯಲ್ಲಿ ಹುಟ್ಟಿದವಳೇ ಮಾಡುತ್ತಾಳೆ ಅಂತ ಅಂದುಕೊಂಡಿರಲಿಲ್ಲ. ಗೊತ್ತಿಲ್ಲದ ಊರಿನವರು ನನ್ನ ಕಲ್ಲು ಮನಸ್ಸು ಕರಗಲಿ ಅಂತ ಬೇಡಿಕೊಳ್ಳುತ್ತಿದ್ದಾರಂತೆ. ಅವರಿಗೆ ಹೇಳು, ಈಗ ಕಲ್ಲಾಗಿದೆ.

ತುಳಸಮ್ಮ


ಮಲಾವಿ
೧೮ ಆಗಸ್ಟ್ ೨೦೨೪

ಅಮ್ಮ,

ನೀನು ಇಷ್ಟು ದೊಡ್ಡದು ಮಾಡುತ್ತೀಯ ಅಂತ ನಾನು ಅಂದುಕೊಂಡಿರಲಿಲ್ಲ. ಅಂಜನ್‌ಕುಮಾರ್ ಅದನ್ನು ನಿನಗೆ ಕೇಳಿಸಬಾರದಿತ್ತು.

ನಾನು ಸುಳ್ಳು ಹೇಳಿಲ್ಲ. ಪುಸ್ತಕ ನನ್ನನ್ನು ಕೇಳಿ ಗೂಡಿಗೆ ಇಟ್ಟೆಯಾ? ನನಗೆ ಬೇಡವಾದ ಕುಂಕುಮವನ್ನು ಕೇಳಿ ಹಚ್ಚಿದೆಯಾ? ನಾನು ನಂಬುವುದನ್ನು ಹೇಳಿದಾಗ ಎಷ್ಟೋ ದಿನ ನೀನು ಮಾತಾಡದೆ ಮಿಷನ್ ತುಳಿಯುತ್ತಿದ್ದೆ. ಆ ಸದ್ದು ನನ್ನ ತಲೆಯಲ್ಲಿ ಇನ್ನೂ ಇದೆ. ಬಚ್ಚಲ ಕತ್ತಲಲ್ಲಿ ನಿಂತಿದ್ದವಳು ನಾನು, ನೀನಲ್ಲ. ಹೊರಗೆ ನೀನು ಏನು ಹೇಳಿದೆಯೋ, ನನಗೆ ಮಾವನ ಕೂಗು ಮಾತ್ರ ಕೇಳಿಸಿತು.

ಇಲ್ಲಿ ಎಲ್ಲರ ಸಾಕ್ಷಿಯಲ್ಲೂ ಒಂದು ಸಂಕಟ ಇರುತ್ತದೆ. ಒಬ್ಬರ ಗಂಡ ಕುಡುಕ, ಇನ್ನೊಬ್ಬರಿಗೆ ಕಾಯಿಲೆ. ನನ್ನ ಹತ್ತಿರ ಏನೂ ಇರಲಿಲ್ಲ. ಮೊದಲ ಭಾನುವಾರ ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದಾಗ ಮಕ್ಕಳು ಆಕಳಿಸಿದವು. ಹಾಗಂತ ಬೇಕೆಂದು ಮಾಡಿದ್ದಲ್ಲ. ಹೇಳುತ್ತ ಹೇಳುತ್ತ ಹಾಗಾಯಿತು. ಅಳು ಬಂದಾಗ ನನಗೂ ಅದು ನಿಜ ಅನ್ನಿಸಿತು.

ಬೇಜಾರಾಗಿದ್ದರೆ ಕ್ಷಮಿಸು.

ಬಿಂದು


ಮಲಾವಿ
೮ ಸೆಪ್ಟೆಂಬರ್ ೨೦೨೪

ಅಮ್ಮನಿಗೆ,

ನೀನು ಉತ್ತರ ಬರೆದಿಲ್ಲ. ಬರೆಯುವುದಿಲ್ಲ ಅಂತ ಗೊತ್ತಿದ್ದೂ ಪೇಟೆಗೆ ಹೋದಾಗಲೆಲ್ಲ ಫೋನು ಹಿಡಿದು ನಿಲ್ಲುತ್ತೇನೆ. ಹೋದ ಸಲದ ನನ್ನ ಕಾಗದವನ್ನು ಓದಿಕೊಂಡೆ. ಬೇಜಾರಾಗಿದ್ದರೆ ಅಂತ ಬರೆದಿದ್ದೇನೆ. ಆ ಮಾತನ್ನು ಬರೆದ ಕೈ ನನ್ನದು ಅಂತ ನಾಚಿಕೆಯಾಗುತ್ತದೆ.

ಹೋದ ವಾರ ಅಡುಗೆಮನೆಯ ಹಿಂದೆ ಕೂತು ನಿನ್ನ ಆಗಸ್ಟಿನ ಕಾಗದ ಓದುತ್ತಿದ್ದೆ. ಅಗ್ನೆಸ್ ಅಮಾಯಿ ಕಂಡು ಯಾರು ಸತ್ತರು ಅಂತ ಕೇಳಿದರು. ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತದೆ. ನಿನ್ನ ಕಾಗದವನ್ನು ಒಂದೊಂದು ಸಾಲಾಗಿ ಹೇಳಿದೆ. ಟವಲಿನ ವಿಷಯ ಬಂದಾಗ ಮುದ್ದೆ ತಿರುವುತ್ತಿದ್ದ ಕೈ ನಿಲ್ಲಿಸಿದರು. ಆಮೇಲೆ, ನಾನು ದಿನಾ ಬೆಳಿಗ್ಗೆ ಎದ್ದು ಆ ಕೆಟ್ಟ ತಾಯಿಗೋಸ್ಕರ ಮೊಣಕಾಲೂರುತ್ತಿದ್ದೆ, ಇಲ್ಲದವಳಿಗೋಸ್ಕರ ನನ್ನ ಕೈಯಲ್ಲಿ ಪ್ರಾರ್ಥನೆ ಮಾಡಿಸಿದೆಯಲ್ಲ ಅಂದರು. ಸಿಟ್ಟಿನಿಂದ ಹೇಳಲಿಲ್ಲ, ಅದೇ ಕಷ್ಟವಾಯಿತು. ನಾನು ಮೋಸ ಮಾಡಿದ್ದು ನಿನ್ನೊಬ್ಬಳಿಗೆ ಮಾತ್ರ ಅಂದುಕೊಂಡಿದ್ದೆ. ಏನು ಮಾಡಲಿ ಅಂತ ಕೇಳಿದೆ. "ಅವಳು ಇಲ್ಲದ ಕಡೆ ಅವಳ ಮಾತು ಆಡಿದೆ. ಈಗ ಅವಳು ಇರುವ ಕಡೆ ಆಡು" ಅಂದು ಒಲೆಯ ಕಡೆ ತಿರುಗಿದರು.

ಇವತ್ತು ಸಭೆಯಲ್ಲಿ ಎದ್ದು ನಿಂತೆ. ನನ್ನ ತಾಯಿ ಕೂಡಿ ಹಾಕಲಿಲ್ಲ, ಕಾಪಾಡಿದಳು ಅಂದೆ. ಪಾಸ್ಟರ್ ನನ್ನ ಮುಖ ನೋಡಿದರು. ನಾನು ಹೇಳಿದ್ದು ಉದ್ದವಿತ್ತು, ಅವರು ಇಂಗ್ಲಿಷಿಗೆ ತಂದದ್ದು ಗಿಡ್ಡವಿತ್ತು. ಅದಕ್ಕೆ ನನಗೆ ಬರುವ ಹರಕು ಇಂಗ್ಲಿಷಿನಲ್ಲಿ ನಾನೇ ಹೇಳಿದೆ. ಸುಳ್ಳು ಅನ್ನುವ ಪದ ಬಳಸಿದೆ. ಯಾರೂ ಆಮೆನ್ ಅನ್ನಲಿಲ್ಲ. ಯಾರೋ ಹಾಡು ಎತ್ತಿದರು, ಎಲ್ಲರೂ ಎದ್ದು ಹಾಡಿದರು. ಇನ್ನು ಮೇಲೆ ನಾನು ಬೇರೆ ಊರುಗಳಿಗೆ ಹೋಗುವುದು ಬೇಡ, ಕ್ಲಿನಿಕ್ಕು ನೋಡಿಕೊಂಡರೆ ಸಾಕು ಅಂತ ಪಾಸ್ಟರ್ ಮೆತ್ತಗೆ ಹೇಳಿದ್ದಾರೆ.

ನಾನು ಯೇಸುವನ್ನು ಬಿಟ್ಟಿಲ್ಲ ಅಮ್ಮ. ನಿನಗೆ ಸಮಾಧಾನವಾಗಲಿ ಅಂತ ಅದನ್ನೂ ಸುಳ್ಳು ಹೇಳಲಾರೆ. ಆದರೆ ಅವನ ದಾರಿಗೆ ಬರಲು ನನಗೆ ಕತ್ತಲೆಯೇ ಬೇಕಾಗಿರಲಿಲ್ಲ. ನೀನು ಕೈ ಹಿಡಿದು ನೀರಿನವರೆಗೆ ಬಿಟ್ಟು ಬಂದೆ. ಇಷ್ಟು ದೂರ ಬಂದು ನಾನು ಕಲಿತದ್ದು ಇದೊಂದೇ.

ಡಿಸೆಂಬರಿನಲ್ಲಿ ತುಮಕೂರಿನಲ್ಲಿ ನಮಗೆ ಸ್ವಾಗತ ಕೂಟ ಇದೆ. ನೀನು ಬಂದು ಮುಂದಿನ ಸಾಲಿನಲ್ಲಿ ಕೂತುಕೊ. ನಿನ್ನೆದುರಿಗೇ ಹೇಳುತ್ತೇನೆ.

ನಿನ್ನ ಮಗಳು ಅನ್ನಿಸಿಕೊಳ್ಳುವ ಆಸೆಯಿಂದ,
ಬಿಂದು


ಕುಣಿಗಲ್
೨೦ ಸೆಪ್ಟೆಂಬರ್ ೨೦೨೪

ಬಿಂದುಗೆ,

ಬರೆಯಬಾರದು ಅಂತಿದ್ದೆ. ಆದರೆ ನಿನ್ನಿಂದ ಇಲ್ಲಿ ಏನಾಯಿತು ಅನ್ನುವುದು ನಿನಗೆ ಗೊತ್ತಾಗಲಿ.

ಗೌರಿ ಹಬ್ಬದ ದಿನ ಬೆಳಿಗ್ಗೆ ಬಾಗಿಲಿಗೆ ನೀರು ಹಾಕುತ್ತಿದ್ದೆ. ಕಾರು ಬಂದು ನಿಂತಿತು. ಅಣ್ಣ ಇಳಿದ, ಹಿಂದೆ ಅತ್ತಿಗೆ. ಅತ್ತಿಗೆಯ ಕೈಯಲ್ಲಿ ಮೊರದ ಬಾಗಿನ, ಮೇಲೆ ಇನ್ನೊಂದು ಮೊರ ಮುಚ್ಚಿ ಸೆರಗು ಹಿಡಿದಿದ್ದರು. ನನ್ನ ಕೈಯ ತಂಬಿಗೆ ಅಲ್ಲೇ ಬಿತ್ತು. ಮೂರು ವರ್ಷ ಪಕ್ಕದ ಮನೆಯವರ ತವರಿನ ಬಾಗಿನವನ್ನು ಕಿಟಕಿಯಿಂದ ನೋಡಿದವಳು ನಾನು. ಎದೆಗೆ ಹಚ್ಚಿಕೊಂಡಿಲ್ಲ ಅಂತ ನಿನಗೆ ಬರೆದಿದ್ದೆನಲ್ಲ, ಅದು ಬರಿಯ ಮಾತು.

ಅಣ್ಣನ ಕಣ್ಣಲ್ಲಿ ನೀರಿತ್ತು. ನನ್ನ ಕೈ ಹಿಡಿದುಕೊಂಡು ಜೋರಾಗಿ, ನನಗೆ ಕೇಳಿಸುವ ಹಾಗೆ ಹೇಳಿದ.

"ನಾನೇ ತಪ್ಪು ತಿಳ್ಕಂಡಿದ್ದೆ ಕಣವ್ವ. ಅವತ್ತು ಬಚ್ಚಲಿಗೆ ಚಿಲಕ ಹಾಕಿ ನಿಂತಿದ್ದು ಅವಳ ಕಾಯಕ್ಕೆ ಅಂದ್ಕಂಡಿದ್ದೆ. ನೀನು ಕೂಡ್ಹಾಕಿ, ಅನ್ನ ನಿಲ್ಸಿ, ಬುದ್ಧಿ ಕಲ್ಸಕ್ಕೆ ನೋಡಿದೀಯ. ಅವಳೇ ಹೇಳವ್ಳೆ. ಫೋನಲ್ಲಿ ಎಲ್ಲಾರೂ ನೋಡಿದ್ರು. ಬುಡು, ಆಗಿದ್ದಾಯ್ತು. ತವರು ನಿಂದೇಯ."

ನಿನ್ನ ಸಾಕ್ಷಿಯ ವಿಡಿಯೋ ಫೋನಿನಿಂದ ಫೋನಿಗೆ ಹೋಗಿ ಗುಬ್ಬಿಗೂ ಮುಟ್ಟಿದೆ. ಅಲ್ಲಿ ಯಾರೂ ಅಳಲಿಲ್ಲ, ನನ್ನನ್ನು ಹೊಗಳಿದರು.

ಒಂದು ಗಳಿಗೆ ನಾನು ಸುಮ್ಮನಿದ್ದೆ. ಆ ಒಂದು ಗಳಿಗೆ ನನಗೆ ಸುಖವಾಗಿತ್ತು ಬಿಂದು. ಅಣ್ಣನ ಕೈ ಬೆಚ್ಚಗಿತ್ತು. ಹೂಂ ಅಂದಿದ್ದರೆ ಸಾಕಿತ್ತು. ಹೂಂ ಅನ್ನುವುದೂ ಬೇಕಿರಲಿಲ್ಲ, ಸೆರಗೊಡ್ಡಿ ನಿಂತಿದ್ದರೆ ಸಾಕಿತ್ತು. ಮಗಳು ನನ್ನನ್ನು ಮಾರಿಕೊಂಡಳು, ಅದರಿಂದ ತವರಾದರೂ ಸಿಗಲಿ ಅಂತ ಮನಸ್ಸಿಗೆ ಬಂತು.

ಆಮೇಲೆ ನಿಮ್ಮಪ್ಪನ ಬೇಲಿ ಕೇಸು ನೆನಪಾಯಿತು. ಮುಚ್ಚಿದ ಮೊರ ತೆಗೆಯುವ ಮುಂಚೆ ಹೇಳಿಬಿಟ್ಟೆ. "ಅವಳು ಹೇಳಿದ್ದು ಸುಳ್ಳು ಕಣಣ್ಣ. ನಾನು ಕೂಡ್ಹಾಕಿದ್ದು ನಿನ್ನ ಬಾರುಕೋಲಿಂದ ಉಳ್ಸಕ್ಕೆ. ನೀರಿಗೆ ಇಳ್ದಾಗ ಅವಳ ತಲೆ ಒರ್ಸಿದ್ದೂ ನಾನೇ."

ಅಣ್ಣ ಕೈ ಬಿಟ್ಟ. ಮಗಳು ಸುಳ್ಳಿ, ನೀನು ಅವಳಿಗಿಂತ ದಡ್ಡಿ ಅಂದ. ಅತ್ತಿಗೆ ಮೊರವನ್ನು ಕೆಳಗೆ ಇಟ್ಟಿರಲೇ ಇಲ್ಲ, ಹಿಡಿದುಕೊಂಡೇ ಹೋಗಿ ಕಾರು ಹತ್ತಿದರು. ತಂದ ಬಾಗಿನ ಹೊಸಿಲು ದಾಟದೆ ವಾಪಸು ಹೋದದ್ದನ್ನು ನಮ್ಮ ಬೀದಿಯೆಲ್ಲ ನೋಡಿತು.

ನಿನ್ನ ಸುಳ್ಳು ನನಗೆ ತವರು ತಂದುಕೊಟ್ಟಿತ್ತು. ನಿಜ ಹೇಳಿ ನಾನೇ ಕಳೆದುಕೊಂಡೆ. ನಿನ್ನ ಮೇಲೆ ನನಗೆ ಎಷ್ಟು ಸಿಟ್ಟಿದೆ ಅಂತ ನನಗೇ ಗೊತ್ತಾಗುತ್ತಿಲ್ಲ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ.

ಆ ಅಗ್ನೆಸಮ್ಮನಿಗೆ ನನ್ನ ನಮಸ್ಕಾರ. ಅವರು ನನಗೋಸ್ಕರ ಮೊಣಕಾಲೂರಿದ್ದು ದಂಡವಾಗುವುದು ಬೇಡ, ಆ ಪ್ರಾರ್ಥನೆ ನಿನ್ನ ಲೆಕ್ಕಕ್ಕೆ ಹಾಕಿಕೊಳ್ಳಲಿ.

ಸ್ವಾಗತ ಕೂಟಕ್ಕೆ ನನ್ನನ್ನು ಕರೆಯಬೇಡ. ಒಂದು ಸಲ ಟವಲು ಹಿಡಿದು ಬಂದಿದ್ದೆ, ಅದೇ ಸಾಕು.

ತುಳಸಮ್ಮ


ತುಮಕೂರು
೧೧ ಡಿಸೆಂಬರ್ ೨೦೨೪

ಅಮ್ಮ,

ಬಂದು ನಾಲ್ಕು ದಿನವಾಯಿತು. ಇಲ್ಲಿಂದ ಕುಣಿಗಲ್ಲಿಗೆ ಬಸ್ಸು ಹತ್ತುವುದು ಆ ವಿಮಾನ ಹತ್ತುವುದಕ್ಕಿಂತ ಕಷ್ಟವಾಗಿದೆ. ಗೌರಿ ಹಬ್ಬದ ಕಾಗದಕ್ಕೆ ಅಲ್ಲಿಂದ ಎಷ್ಟೋ ಸಲ ಉತ್ತರ ಬರೆದು ಹರಿದೆ. ಏನು ಬರೆದರೂ ಮತ್ತೆ ನನ್ನದೇ ಸಂಕಟ ಹೇಳಿಕೊಂಡ ಹಾಗೆ ಆಗುತ್ತಿತ್ತು.

ಸ್ವಾಗತ ಕೂಟ ಭಾನುವಾರ ಮುಗಿಯಿತು. ನನಗೆ ಮೈಕು ಕೊಡಲಿಲ್ಲ. ನಾನೂ ಕೇಳಲಿಲ್ಲ. ಅಲ್ಲಿ ಕೂತಿದ್ದಾಗಲೇ ಅನ್ನಿಸಿತು, ನೀನು ಇರುವ ಕಡೆ ಇದಲ್ಲ. ನಿನ್ನ ಮಾನ ಹೋದದ್ದು ಗುಬ್ಬಿಯಲ್ಲಿ.

ಸೋಮವಾರ ಗುಬ್ಬಿಗೆ ಹೋದೆ. ಮಾವ ಜಗಲಿಯ ಮೇಲೆ ಕೊಬ್ಬರಿ ಒಡೆಸುತ್ತಿದ್ದರು. ನನ್ನನ್ನು ಕಂಡ ತಕ್ಷಣ ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಕೊಬ್ಬರಿ ಒಡೆಯುವವರು ಕೈ ನಿಲ್ಲಿಸಿ ನೋಡುತ್ತಿದ್ದರು. ಅಂಗಳದಲ್ಲೇ ನಿಂತು ಹೇಳಿದೆ. ನಮ್ಮಮ್ಮ ನನಗೆ ಹೊಡೆದವಳಲ್ಲ, ಅನ್ನ ನಿಲ್ಲಿಸಿದವಳಲ್ಲ, ನನ್ನ ಕಾಯಲು ತವರು ಕಳೆದುಕೊಂಡವಳು, ಸುಳ್ಳು ಹೇಳಿದವಳು ನಾನು ಅಂದೆ. ಯಾರೂ ಭಾಷೆ ಬದಲಾಯಿಸಬೇಕಾಗಿರಲಿಲ್ಲ. ಎದುರು ಮನೆಯವರೂ ಹೊರಗೆ ಬಂದು ಕೇಳಿದರು. ಬಾಗಿಲು ತೆಗೆಯಲಿಲ್ಲ. ಅತ್ತೆ ಕಿಟಕಿಯಲ್ಲಿ ನಿಂತಿದ್ದರು.

ಇದರಿಂದ ನಿನಗೆ ಏನೂ ವಾಪಸು ಬರಲಿಲ್ಲ ಅಂತ ಗೊತ್ತು. ಹೇಳಬೇಕಾಗಿದ್ದ ಕಡೆ ಹೇಳಿದೆ, ಅಷ್ಟೇ. ಈಗ ಉಳಿದಿರುವುದು ನಿನ್ನೆದುರಿಗೆ ಹೇಳುವುದು.

ನಾನು ಮನೆಗೆ ಬರಬಹುದಾ ಅಮ್ಮ?

ಬಿಂದು


ಕುಣಿಗಲ್
೧೪ ಡಿಸೆಂಬರ್ ೨೦೨೪

ಬಿಂದುಗೆ,

ಅತ್ತಿಗೆ ಇಂಪನಾಳ ಫೋನಿಗೆ ಮಾಡಿ ಎಲ್ಲ ಹೇಳಿದರಂತೆ. ಅಣ್ಣ ಬಾಗಿಲ ಹಿಂದೆಯೇ ನಿಂತು ಪೂರ್ತಿ ಕೇಳಿಸಿಕೊಂಡನಂತೆ. ಆಮೇಲೂ ತೆಗೆಯಲಿಲ್ಲವಂತೆ. ಅವನು ತೆಗೆಯುವವನಲ್ಲ, ನನಗೆ ಗೊತ್ತು. ನೀನು ಅಂಗಳದಲ್ಲಿ ಬಿಸಿಲಿಗೆ ನಿಂತಿದ್ದೆ ಅಂತ ಕೇಳಿ, ತಲೆಗೆ ಏನಾದರೂ ಹೊದ್ದಿದ್ದಳೋ ಇಲ್ಲವೋ ಅಂತ ಮರುಗಿದೆ. ಸಿಟ್ಟು ಮಾತ್ರ ಇಳಿದಿಲ್ಲ. ಎರಡೂ ಒಟ್ಟಿಗೇ ಇರುತ್ತವೆ ಅಂತ ಕಾಣುತ್ತದೆ.

ಬಾ ಅಂತ ಬರೆಯಲು ಕೈ ಬರುತ್ತಿಲ್ಲ. ಬರಬೇಡ ಅಂತ ಬರೆಯಲೂ ಬರುತ್ತಿಲ್ಲ. ನಿನ್ನನ್ನು ಮೊದಲಿನ ಹಾಗೆ ನಂಬುತ್ತೇನೆ ಅಂತ ಹೇಳಲಾರೆ. ಇನ್ನು ನೀನು ನನ್ನೆದುರು ಅತ್ತಾಗಲೆಲ್ಲ ಆ ಫೋನಿನ ಅಳು ನನಗೆ ಕೇಳಿಸುತ್ತದೆ. ಇದಕ್ಕೆ ಮದ್ದು ಏನು ಅಂತ ನಿನ್ನ ನರ್ಸಿಂಗ್ ಓದಿನಲ್ಲೂ ಇರಲಿಕ್ಕಿಲ್ಲ.

ನಿನ್ನ ಸತ್ಯವೇದ ಗೂಡಿನಲ್ಲೇ ಇದೆ. ಸಿಟ್ಟಿನಲ್ಲಿ ಒಂದು ದಿನ ಅದನ್ನು ಕೆಳಗೆ ತೆಗೆದೆ. ಎಲ್ಲಿ ಇಡಬೇಕು ಅಂತ ಮನೆಯೆಲ್ಲ ಸುತ್ತಿದೆ. ನಮ್ಮ ಮನೆಯಲ್ಲಿ ಅದಕ್ಕಿಂತ ಒಳ್ಳೆಯ ಜಾಗ ಇಲ್ಲ, ಮತ್ತೆ ಅಲ್ಲೇ ಇಟ್ಟೆ. ಕಿತ್ತುಕೊಂಡಳು ಅಂತ ಹೇಳಿದೆಯಲ್ಲ, ಆ ಗೂಡಿಗೆ ಯಾವತ್ತೂ ಬಾಗಿಲಿರಲಿಲ್ಲ. ಕೈ ಚಾಚಿದ್ದರೆ ಸಿಗುತ್ತಿತ್ತು.

ನಿನ್ನೆ ಶುಕ್ರವಾರ, ಅದಕ್ಕೆ ಕುಂಕುಮ ಇಟ್ಟಿದ್ದೇನೆ. ನೀನು ಬರುವುದಾದರೆ, ನಾನು ನೀರಿಗೆ ಹೋಗುವುದನ್ನು ಕಾಯಬೇಡ. ಒರೆಸುವುದಾದರೆ ಈ ಸಲ ನನ್ನೆದುರಿಗೇ ಒರೆಸು.

ಅಮ್ಮ